ಬಾಯಾರಿಕೆಯ ಉಪಚಾರ

ಬಂಟವಾಳ, ಬೆಳ್ತಂಗಡಿ, ಮೂಡಬಿದಿರೆ ಈ ಮೂರು ಸೀಮೆಗಳ ಹಳೆಯ ಮನೆಗಳಲ್ಲಿ ಅತಿಥಿಯಾಗಿ ಬಂದವನನ್ನು ಮೊದಲು ಕೇಳತಕ್ಕ ಪ್ರಶ್ನೆಯು ಅವನ ಹೆಸರೂ ಅಲ್ಲ, ಬಂದ ಕಾರ್ಯವೂ ಅಲ್ಲ. ಅಂಗಳವನ್ನು ದಾಟಿ, ಕಾಲು ತೊಳೆದು, ಜಗಲಿಯನ್ನೇರಿದವನಿಗೆ "ಬಾಯಾರಿಕೆಗೆ ಏನು?" ಎಂಬ ಮಾತೇ ಮೊದಲನೆಯ ಸ್ವಾಗತ. ತುಳುವರು ಇದನ್ನು 'ಬಾಜೆಲ್' ಎನ್ನುವರು. ಹವ್ಯಕರ ಮನೆಗಳಲ್ಲಿ ಇದು 'ಆಸರು'. ಮಾತು ಯಾವುದಾದರೂ ಅದರ ಹಿಂದೆಯೇ ಬರುವ ವಸ್ತುವು ಒಂದೇ: ತಟ್ಟೆಯಲ್ಲಿ ಒಂದು ಬೆಲ್ಲದ ತುಂಡು, ಚೆಂಬಿನಲ್ಲಿ ಬಾವಿಯ ತಣ್ಣೀರು. ಗುಡ್ಡವನ್ನೇರಿ, ಬಯಲನ್ನಿಳಿದು, ಸಂಕವನ್ನು ದಾಟಿ, ಬೆವರಿನಿಂದ ತೊಯ್ದು ಬಂದವನ ದೇಹಕ್ಕೆ ಇದಕ್ಕಿಂತ ಹಿತವಾದ ಪದಾರ್ಥವು ಬೇರೊಂದಿಲ್ಲ. ಒಂದು ಚೂರು ಬೆಲ್ಲವನ್ನು ಬಾಯಿಗೆ ಹಾಕಿ ನೀರು ಕುಡಿದವನು ಮಾತನಾಡಲು ಶಕ್ತನಾಗುತ್ತಾನೆ. ಕಾರ್ಯದ ಮಾತು ಆ ಮೇಲೆ.

ಪ್ರಶ್ನೆಯು ಇಂದಿಗೂ ಉಳಿದಿದೆ. ಉತ್ತರವು ಮಾತ್ರ ಬದಲಾಗಿದೆ. ಬಾಯಾರಿಕೆಗೆ ಏನೆಂದು ಕೇಳಿದರೆ ಚಹವೆಂದು ಹೇಳುವವರೇ ಹೆಚ್ಚು. ವಿಚಾರಮಾಡಿದರೆ ಇದು ವಿಚಿತ್ರವಾದ ಉತ್ತರ. ಮೇ ತಿಂಗಳ ಮಧ್ಯಾಹ್ನದಲ್ಲಿ, ನೇತ್ರಾವತಿಯ ಮರಳು ಕಾದ ಕಬ್ಬಿಣದಂತಿರುವಾಗ, ಕುದಿಯುವ ಪಾನೀಯವನ್ನು ಬಾಯಾರಿಕೆಗೆಂದು ಕೇಳುವ ಜಾಣನು ಜಗತ್ತಿನಲ್ಲಿ ಎಷ್ಟು ಮಂದಿ ಇದ್ದಾರು? ಆದರೂ ಈ ನಾಡಿನಲ್ಲಿ ಚಹವು ಬಾಯಾರಿಕೆಯ ಹೆಸರನ್ನೇ ಅಪಹರಿಸಿದೆ. ಅಷ್ಟು ಮಾತ್ರವಲ್ಲ, ಬೆಳಗಿನ ಉಪಾಹಾರದ ಹೆಸರನ್ನೂ ತನ್ನದಾಗಿಸಿಕೊಂಡಿದೆ. ದಾರಿಯಲ್ಲಿ ಸಿಕ್ಕಿದ ಪರಿಚಿತನು "ಚಾ ಆಂಡಾ?" ಎಂದು ತುಳುವಿನಲ್ಲಿ ಕೇಳಿದರೆ, ದೋಸೆಯೋ ಇಡ್ಲಿಯೋ ಗಂಜಿಯೋ ಏನಾದರೂ ಹೊಟ್ಟೆಗೆ ಬಿದ್ದಿತೇ ಎಂಬುದೇ ಅವನ ಅಭಿಪ್ರಾಯ. ಘಟ್ಟದ ಮೇಲೆ ಕಾಫಿಯ ತೋಟಗಳು ಕಣ್ಣಳತೆಯಲ್ಲಿಯೇ ಇದ್ದರೂ ಕುಶಲಪ್ರಶ್ನೆಗೆ ಒದಗಿದ ಪದವು ಚಹವೇ ಆಯಿತು.

ಈ ಬದಲಾವಣೆಯನ್ನು ಕುರಿತು ಹಿರಿಯರಾದವರು ವ್ಯಸನಪಡುವುದುಂಟು. ಬೆಲ್ಲವೂ ನೀರೂ ಮನೆಯವು, ಮೌಲ್ಯವಿಲ್ಲದೆ ಕೊಡುವಂಥವು. ಚಹವು ಅಂಗಡಿಯದು, ಕಾಸಿಗೆ ಸಿಕ್ಕುವಂಥದು. ಅತಿಥಿಸತ್ಕಾರವಿದ್ದಲ್ಲಿ ವ್ಯಾಪಾರವು ಬಂದಿತು, ಧರ್ಮವಿದ್ದಲ್ಲಿ ಹೋಟೆಲು ಎದ್ದಿತು ಎಂಬುದು ಅವರ ದೂರು. ಈ ದೂರಿನಲ್ಲಿ ಸತ್ಯದ ಅಂಶವಿಲ್ಲವೆಂದು ಯಾರೂ ಹೇಳಲಾರರು. ಆದರೆ ಕೊಟ್ಟುದೆಲ್ಲವೂ ಧರ್ಮ, ಮಾರಿದುದೆಲ್ಲವೂ ಅಧರ್ಮ ಎಂದು ಇಷ್ಟು ಸುಲಭವಾಗಿ ತೀರ್ಪುಕೊಡಬಹುದೇ ಎಂಬುದು ವಿಚಾರಕ್ಕೆ ತಕ್ಕ ವಿಷಯ. ಅದಕ್ಕಾಗಿ ಆ ಬೆಲ್ಲನೀರಿನ ತಟ್ಟೆಯನ್ನೇ ಸ್ವಲ್ಪ ಹತ್ತಿರದಿಂದ ನೋಡಬೇಕಾಗುತ್ತದೆ.

ತಟ್ಟೆಯು ಎಲ್ಲರಿಗೂ ಬರುತ್ತಿತ್ತೇ? ಬೆಲ್ಲವು ಬರುತ್ತಿತ್ತು, ನೀರೂ ಬರುತ್ತಿತ್ತು, ತಟ್ಟೆಯು ಬರುತ್ತಿರಲಿಲ್ಲ. ಹಳೆಯ ಮನೆಯ ರಚನೆಯೇ ಒಂದು ಶಾಸ್ತ್ರಗ್ರಂಥದಂತಿತ್ತು. ಚಾವಡಿಯಲ್ಲಿ ಕುಳ್ಳಿರತಕ್ಕವರು ಕೆಲವರು, ಜಗಲಿಯಲ್ಲಿ ಕೆಲವರು, ಜಗಲಿಯ ಕೆಳಗಿನ ಮೆಟ್ಟಿಲಲ್ಲಿ ಕೆಲವರು. ಅಂಗಳದಲ್ಲಿಯೇ ನಿಲ್ಲತಕ್ಕವರು ಹಲವರು. ಅಂಗಳಕ್ಕೂ ಬಾರದೆ ತಡಮೆಯ ಹೊರಗಿನಿಂದ ಕೂಗಿ ಹೇಳತಕ್ಕವರೂ ಇದ್ದರು. ಒಬ್ಬನಿಗೆ ಕಂಚಿನ ಚೆಂಬು, ಇನ್ನೊಬ್ಬನಿಗೆ ಎತ್ತರದಿಂದ ಬೊಗಸೆಗೆ ಸುರಿದ ನೀರು, ಮತ್ತೊಬ್ಬನಿಗೆ ತೆಂಗಿನ ಗೆರಟೆ. ನೀರು ಒಂದೇ ಬಾವಿಯದು, ಬೆಲ್ಲ ಒಂದೇ ಅಚ್ಚಿನದು, ಕೊಡುವ ಗೃಹಿಣಿಯ ಮನಸ್ಸಿನಲ್ಲಿ ಕರುಣೆಯೂ ಇತ್ತು. ಹಸಿದವನನ್ನು ಬರಿಗೈಯಲ್ಲಿ ಕಳುಹಿಸಿದರೆ ಮನೆಗೆ ಶ್ರೇಯಸ್ಸಲ್ಲವೆಂದು ಆಕೆ ನಂಬಿದ್ದಳು. ಆದರೆ ಆ ಕರುಣೆಯು ಕೆಳಗೆ ಹರಿಯುವ ನೀರಿನಂತೆ. ಅದು ಇಳಿಯಬಲ್ಲುದಲ್ಲದೆ ಏರಲಾರದು. ಕೊಡುವಾಗಲೇ ಅದು ಪಡೆಯುವವನಿಗೆ ಅವನ ಸ್ಥಾನವನ್ನು ಜ್ಞಾಪಿಸುತ್ತಿತ್ತು.

ಕೊಡುವುದೇ ಪುಣ್ಯವೆನ್ನುವವರು ಇದೇ ಜಿಲ್ಲೆಯ ಇನ್ನೊಂದು ಕಹಿಯಾದ ಸಂಗತಿಯನ್ನೂ ಎದುರಿಸಬೇಕು. 2000ನೆಯ ಇಸವಿಯಲ್ಲಿ ಕರ್ನಾಟಕದ ಶಾಸನಸಭೆಯು ಕೊರಗ ಜನಾಂಗದ ಮೇಲಣ 'ಅಜಲು' ಪದ್ಧತಿಯನ್ನು ನಿಷೇಧಿಸಿತು. ಕೂದಲು, ಉಗುರು ಮೊದಲಾದ ತಿನ್ನಬಾರದ ವಸ್ತುಗಳನ್ನು ಬೆರಸಿದ ಆಹಾರವನ್ನು ಕೊರಗರಿಗೆ ತಿನ್ನಲು ಕೊಡುವುದು ಅಪರಾಧವೆಂದು ಆ ಶಾಸನವು ಬಿಡಿಸಿ ಹೇಳಬೇಕಾಯಿತು. ಅದೂ ಒಂದು 'ಕೊಡುವಿಕೆ'ಯೇ. ಕಾಸಿಲ್ಲದೆ, ಕರೆದು, ಕೈಯಾರೆ ಕೊಟ್ಟದ್ದೇ. ಇಪ್ಪತ್ತೊಂದನೆಯ ಶತಮಾನದ ಹೊಸ್ತಿಲಲ್ಲಿ ಇಂತಹ ಶಾಸನವು ಅವಶ್ಯವಾಯಿತೆಂದ ಮೇಲೆ, ಕೊಟ್ಟ ಮಾತ್ರಕ್ಕೆ ಕೈಯು ಶುದ್ಧವಾಗುವುದೆಂಬ ನಂಬಿಕೆಯನ್ನು ಇಟ್ಟುಕೊಳ್ಳುವುದು ಕಷ್ಟ.

ಇನ್ನು ಕೊಡುವವರ ಕಡೆಯಿಂದ ಪಡೆಯುವವರ ಕಡೆಗೆ ಬರಬಹುದು. ಮೇಲಿನವನು ಕೆಳಗಿನವನ ಮನೆಗೆ ಹೋಗಬೇಕಾದ ಪ್ರಸಂಗವೂ ಬರುತ್ತಿತ್ತು. ಗೇಣಿಯ ಲೆಕ್ಕವನ್ನು ನೋಡಲು, ಕಟ್ಟಪುಣಿಯ ತಕರಾರನ್ನು ತೀರಿಸಲು, ಬೆಳೆಯನ್ನು ಅಂದಾಜುಮಾಡಲು ಧಣಿಯು ಒಕ್ಕಲಿನ ಅಂಗಳಕ್ಕೆ ಬಂದರೆ ಆ ಬಡವನಿಗೂ ಉಪಚಾರಮಾಡುವ ಆಸೆ ಇರುವುದಿಲ್ಲವೇ? ಅವನ ಬಾವಿಯ ನೀರನ್ನು ಧಣಿಯು ಮುಟ್ಟುವಂತಿಲ್ಲ. ಅವನ ಒಲೆಯಲ್ಲಿ ಬೆಂದುದನ್ನು ತಿನ್ನುವಂತಿಲ್ಲ. ಈ ಸಂಕಟದಿಂದ ಇಬ್ಬರನ್ನೂ ಪಾರುಮಾಡಿದುದು ಸೀಯಾಳ. ಪ್ರಕೃತಿಯು ತಾನೇ ನೀರನ್ನು ತುಂಬಿಸಿ, ತಾನೇ ಮುಚ್ಚಳವಿಕ್ಕಿ, ತಾನೇ ಪಾತ್ರೆಯಾಗಿ ಒದಗಿಸಿದ ಈ ಪಾನೀಯಕ್ಕೆ ಯಾರ ಬಾವಿಯೂ ಬೇಡ, ಯಾರ ಬೆಂಕಿಯೂ ಬೇಡ, ಯಾರ ಲೋಟವೂ ಬೇಡ. ಮರದಿಂದ ಇಳಿಸಿ, ಕತ್ತಿಯಿಂದ ಕೆತ್ತಿ, ಮುಂದಿಟ್ಟರೆ ಯಾವ ಜಾತಿಯವನೂ ಯಾವ ಜಾತಿಯವನ ಹಿತ್ತಿಲಿನಲ್ಲಿಯೂ ನಿಸ್ಸಂಕೋಚವಾಗಿ ಕುಡಿಯಬಹುದು. ಉಪಚಾರವಾಯಿತು, ಮಡಿಯೂ ಉಳಿಯಿತು. ತೆಂಗಿನ ಮರಕ್ಕೆ ಕಲ್ಪವೃಕ್ಷವೆಂಬ ಹೆಸರನ್ನು ಕೊಟ್ಟವರು ಅದರ ಈ ಗುಣವನ್ನು ಗಮನಿಸಿದ್ದರೋ ಇಲ್ಲವೋ ತಿಳಿಯದು. ಆದರೆ ನೂರಾರು ವರ್ಷಗಳ ಕಾಲ ಎರಡು ಮನೆಗಳ ನಡುವಣ ಒಂದು ಕಷ್ಟವಾದ ಪ್ರಶ್ನೆಯನ್ನು ಯಾರೂ ಕೇಳದಂತೆ ಅದು ಮುಚ್ಚಿಟ್ಟುಕೊಂಡಿತು.

ಚಹವು ಬಂದಾಗ ಆ ಪ್ರಶ್ನೆಯು ತಲೆಯೆತ್ತಿತು. ಏಕೆಂದರೆ ಚಹದಲ್ಲಿ ಮರೆಯೇ ಇಲ್ಲ. ಅದು ಆತಿಥೇಯನ ನೀರು, ಆತಿಥೇಯನ ಹಾಲು, ಆತಿಥೇಯನ ಒಲೆ, ಆತಿಥೇಯನ ಪಾತ್ರೆ, ಆ ಮನೆಯ ಹೆಂಗಸಿನ ಕೈ; ಇವಿಷ್ಟೂ ಸೇರದೆ ಒಂದು ಲೋಟ ಚಹವಾಗದು. ಒಬ್ಬನ ಮನೆಯಲ್ಲಿ ಚಹವನ್ನು ಕುಡಿದವನು ಆ ಮನೆಯನ್ನೇ ಒಂದು ಗುಟುಕಿನಲ್ಲಿ ಒಪ್ಪಿಕೊಂಡಂತೆ. ಲೋಕದ ಬೇರೆ ಬೇರೆ ಜನಾಂಗಗಳು ಈ ಎಲೆಯನ್ನು ಹೇಗೆ ಉಪಯೋಗಿಸಿದುವು ಎಂಬುದನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ.

ಎಲೆಯು ಮೂಲತಃ ಒಂದೇ ಜಾತಿಯ ಗಿಡದ್ದು. ಎರಡು ಎಲೆ, ಒಂದು ಮೊಗ್ಗು ಇಷ್ಟನ್ನು ಚಿವುಟಿ ತಂದು, ಬಾಡಿಸಿ, ಹೊಸಕಿ, ಗಾಳಿಗೆ ಒಡ್ಡಿ ಕೆಂಪೇರಿದ ಮೇಲೆ ಕಾಯಿಸಿ ಒಣಗಿಸಿದರೆ ಕಪ್ಪು ಚಹ. ಕೆಂಪೇರಲು ಬಿಡದೆ ಮೊದಲೇ ಬಿಸಿಗೊಳಿಸಿದರೆ ಹಸಿರು ಚಹ. ಗಿಡಕ್ಕೆ ಎರಡು ಕುಲಗಳಿಲ್ಲ, ಮಾಡುವ ಕೆಲಸದಿಂದ ಭೇದ. ಹೆಸರಿನ ಕಥೆಯೂ ಹೀಗೆಯೇ. ಚೀನದ ಬಹುಭಾಗದಲ್ಲಿ ಅದು 'ಚಾ'. ಅಮೊಯ್ ಬಂದರಿನ ಕಡೆಯ ಆಡುಮಾತಿನಲ್ಲಿ 'ತೇ'. ಡಚ್ಚರು ಆ ಬಂದರಿನ ಮಾತನ್ನು ಯುರೋಪಿಗೆ ಒಯ್ದುದರಿಂದ 'ಟೀ' ಹುಟ್ಟಿತು. ಪೋರ್ತುಗೀಸರಲ್ಲಿಯೂ ಭಾರತೀಯರಲ್ಲಿಯೂ 'ಚಾ' ಉಳಿಯಿತು. ಎಂಟನೆಯ ಶತಮಾನದಲ್ಲಿ ಚೀನದ ಲು ಯು ಎಂಬವನು ಚಹವನ್ನು ಕುರಿತೇ ಒಂದು ಗ್ರಂಥವನ್ನು ಬರೆದು, ಬೆಟ್ಟದ ನೀರು ಶ್ರೇಷ್ಠ, ನದಿಯ ನೀರು ಮಧ್ಯಮ, ಬಾವಿಯ ನೀರು ಅಧಮ ಎಂದು ಗೊತ್ತುಮಾಡಿದನು. ಮನೆಗೊಂದು ಬಾವಿಯಿರುವ ದಕ್ಷಿಣ ಕನ್ನಡದವರು ಈ ತೀರ್ಪನ್ನು ಒಪ್ಪುವಂತೆ ತೋರುವುದಿಲ್ಲ. ತಿಬೇಟಿನವರು ಅದಕ್ಕೆ ಉಪ್ಪು ಬೆಣ್ಣೆಗಳನ್ನು ಹಾಕಿ ಕಡೆಯುತ್ತಾರೆ. ರುಷ್ಯದವರು ಸಮೋವರಿನಲ್ಲಿ ನೀರನ್ನು ದಿನವಿಡೀ ಕಾಯಿಸಿಡುತ್ತಾರೆ. ಮೊರಾಕ್ಕೋ ದೇಶದಲ್ಲಿ ಹಸಿರು ಚಹಕ್ಕೆ ಪುದೀನವನ್ನೂ ಸಕ್ಕರೆಯನ್ನೂ ಕೂಡಿಸಿ, ನೊರೆಯೇಳಲೆಂದು ಅತಿಥಿಯ ಲೋಟಕ್ಕೆ ಬಹಳ ಎತ್ತರದಿಂದ ಸುರಿಯುತ್ತಾರೆ. ಅಲ್ಲಿ ಎತ್ತರವು ಗೌರವದ ಗುರುತು. ಇಲ್ಲಿಯ ಅಂಗಳದಲ್ಲಿ ಎತ್ತರದಿಂದ ಸುರಿದ ನೀರಿನ ಅರ್ಥವೇ ಬೇರೆ.

ಚಹವನ್ನು ನೀತಿಯ ವಿಷಯವನ್ನಾಗಿ ಚಿಂತಿಸಿದವರಲ್ಲಿ ಅಗ್ರಗಣ್ಯರು ಜಪಾನಿನವರು. ಹದಿನಾರನೆಯ ಶತಮಾನದ ಸೆನ್ ನೊ ರಿಕ್ಯೂ ಎಂಬ ಚಹಾಚಾರ್ಯನು ಹುಲ್ಲುಮಾಡಿನ ಸಣ್ಣ ಕೋಣೆಗೆ ಎರಡು ಅಡಿಗಿಂತ ತುಸುವೇ ಹೆಚ್ಚಾದ ಚೌಕದ ಬಾಗಿಲನ್ನು ಇಡಿಸಿದನೆಂದು ಪ್ರಸಿದ್ಧಿ. ಅದರಲ್ಲಿ ನೆಟ್ಟಗೆ ನಡೆದು ಹೋಗಲು ಯಾರಿಂದಲೂ ಆಗದು. ಸೇನಾಧಿಪತಿಯಾದರೂ ಖಡ್ಗವನ್ನು ಹೊರಗಿನ ಹಲಗೆಯ ಮೇಲಿಟ್ಟು, ಮೊಣಕಾಲೂರಿ ತಲೆಬಾಗಿ ನುಸುಳಬೇಕು. ಒಳಗೆ ಕುಳಿತ ಅತಿಥಿಗಳಿಗೆಲ್ಲಾ ಗಟ್ಟಿಯಾದ ಚಹವು ಒಂದೇ ಬಟ್ಟಲಿನಲ್ಲಿ ಬರುತ್ತದೆ. ಒಬ್ಬನು ಕುಡಿದು, ಅಂಚನ್ನು ಒರಸಿ, ಪಕ್ಕದವನಿಗೆ ಕೊಡುತ್ತಾನೆ. ಎಂಜಲೆಂಬ ಮಾತನ್ನು ಕೇಳಿದೊಡನೆ ಬೆಚ್ಚುವ ಈ ನಾಡಿನ ಓದುಗರಿಗೆ ಇದು ಅಸಹ್ಯವಾಗಿ ತೋರಬಹುದು. ಆದರೆ ಆ ಬಟ್ಟಲಿನ ಹಿಂದಿರುವ ಭಾವನೆಯನ್ನು ಗ್ರಹಿಸುವುದು ಕಷ್ಟವಲ್ಲ. ರಿಕ್ಯೂವಿನ ಒಡೆಯನಾದ ಹಿದೆಯೋಷಿಯು 1587ರಲ್ಲಿ ಕಿತಾನೊ ಎಂಬಲ್ಲಿ ಮಹಾ ಚಹಕೂಟವನ್ನು ಏರ್ಪಡಿಸಿ, ರೈತನಾದರೂ ಸರಿಯೇ ಒಂದು ಕೆಟಲು ಒಂದು ಬಟ್ಟಲನ್ನು ತಂದು ಸೇರಬಹುದೆಂದು ಸಾರಿದನು. ಅದೇ ಪ್ರಭುವಿಗೆ ಚಿನ್ನದ ತಗಡನ್ನು ಹೊದಿಸಿದ ಚಹಾಗೃಹವೂ ಇತ್ತು; ಅದೇ ಪ್ರಭುವಿನ ಆಜ್ಞೆಯಿಂದ 1591ರಲ್ಲಿ ರಿಕ್ಯೂ ಪ್ರಾಣತ್ಯಾಗ ಮಾಡಬೇಕಾಯಿತು. ಕಿರುಬಾಗಿಲಿನೊಳಗೆ ಸಮಾನತೆಯಿದ್ದರೂ ಹೊರಗೆ ಖಡ್ಗವು ಹಲಗೆಯ ಮೇಲೆ ಕಾದುಕೊಂಡೇ ಇತ್ತು.

ದಕ್ಷಿಣ ಕನ್ನಡದಲ್ಲಿ ಅಂತಹ ಕಿರುಬಾಗಿಲನ್ನು ಯಾವ ಆಚಾರ್ಯನೂ ಕಟ್ಟಿಸಲಿಲ್ಲ. ಆ ಕೆಲಸವನ್ನು ತಕ್ಕಮಟ್ಟಿಗೆ ನೆರವೇರಿಸಿದುದು ರಸ್ತೆಬದಿಯ ಚಹದ ಅಂಗಡಿ. ಮಂಗಳೂರಿನಿಂದ ಬಂಟವಾಳ, ಬೆಳ್ತಂಗಡಿಗಳ ಮೂಲಕ ಚಾರ್ಮಾಡಿ ಘಟ್ಟವನ್ನು ಏರುವ ದಾರಿಯು ಹಿಂದೆ ಗಾಡಿಯವರ ದಾರಿ. ಅಲ್ಲಲ್ಲಿ ಪುಣ್ಯಾತ್ಮರು ಬೇಸಗೆಯಲ್ಲಿ ಅರವಟ್ಟಿಗೆಗಳನ್ನು ಇಡುತ್ತಿದ್ದರು. ನೀರು ಮಜ್ಜಿಗೆಗಳು ಧರ್ಮಾರ್ಥವಾಗಿ ದೊರೆಯುತ್ತಿದ್ದುವು, ಜಾತಿಯನ್ನು ವಿಚಾರಿಸಿದ ಮೇಲೆ. ಮೋಟಾರು ಬಂದಂತೆಲ್ಲಾ ಅರವಟ್ಟಿಗೆಯಿದ್ದ ಕಡೆ ಮುಳಿಹುಲ್ಲಿನ ಮಾಡು, ಎರಡು ಬೆಂಚು, ಒಂದು ಒಲೆ, ಬಟ್ಟೆಯ ಸೋಸುವ ಚೀಲ ಕಾಣಿಸಿಕೊಂಡುವು. ಮೊದಮೊದಲು ಅಂಗಡಿಯೂ ಮನೆಯನ್ನೇ ಅನುಕರಿಸಿತು. ಹಿಂದಿನ ಮದರಾಸು ಪ್ರಾಂತದ ಅನೇಕ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಪ್ರತ್ಯೇಕವಾದ ಸ್ಥಳವಿತ್ತು. ಹೊರಗೆ ನಿಂತು ತಮ್ಮ ಗೆರಟೆಯಲ್ಲಿಯೋ ತಾವೇ ತೊಳೆದಿಡಬೇಕಾದ ಲೋಟದಲ್ಲಿಯೋ ಚಹವನ್ನು ಪಡೆಯಬೇಕಾದವರೂ ಇದ್ದರು. ಆದರೆ ಅಂಗಡಿಗೂ ಮನೆಗೂ ಒಂದು ಭೇದವುಂಟು. ಮನೆಯ ಯಜಮಾನನಿಗೆ ಬಂದವನಿಂದ ಏನೂ ಬೇಕಾಗಿಲ್ಲ. ಅಂಗಡಿಯವನಿಗೆ ಅವನ ಕಾಸು ಬೇಕು. ಕಾಸಿನ ಮೇಲೆ ಜಾತಿಯು ಬರೆದಿರುವುದಿಲ್ಲ. ಜನಸಂದಣಿ ಹೆಚ್ಚಿದ ಹಾಗೆಲ್ಲಾ ಎರಡು ಬಗೆಯ ಲೋಟಗಳನ್ನು ಕಾಯುವುದೇ ಅಂಗಡಿಯವನಿಗೆ ತಲೆನೋವಾಯಿತು. 1950ರಲ್ಲಿ ಜಾರಿಗೆ ಬಂದ ಭಾರತದ ಸಂವಿಧಾನವು ಹದಿನೈದನೆಯ ಅನುಚ್ಛೇದದಲ್ಲಿ ಅಂಗಡಿ, ಉಪಾಹಾರಗೃಹ, ಹೋಟೆಲುಗಳ ಹೆಸರನ್ನೆತ್ತಿಯೇ ಪ್ರವೇಶದ ಹಕ್ಕನ್ನು ಕೊಟ್ಟಿತು. 1955ರ ಅಸ್ಪೃಶ್ಯತಾ ಅಪರಾಧಗಳ ಶಾಸನವು ಅದಕ್ಕೆ ದಂಡನೆಯ ಬಲವನ್ನು ಸೇರಿಸಿತು. ರಾಷ್ಟ್ರದ ಮೂಲಶಾಸನವೊಂದು ಚಹದ ಅಂಗಡಿಯ ಬೆಂಚಿನವರೆಗೆ ಇಳಿದುಬಂದುದು ಸಣ್ಣ ಸಂಗತಿಯಲ್ಲ.

ಕಾಸು ಕೊಟ್ಟು ಕುಡಿಯುವವನ ಮುಖದಲ್ಲಿ ಒಂದು ಬಗೆಯ ನಿಶ್ಚಿಂತೆಯಿರುತ್ತದೆ. ಬಯಲಾಟದ ರಾತ್ರಿಯಲ್ಲಿ, ರಂಗಸ್ಥಳದಿಂದ ತುಸು ದೂರದಲ್ಲಿ ದೀಪವನ್ನು ತೂಗಹಾಕಿದ ಚಹದ ಅಂಗಡಿಯನ್ನು ನೋಡಬೇಕು. ಅರ್ಧರಾತ್ರಿಯ ಚಳಿಯಲ್ಲಿ ಪಟೇಲರ ಮನೆಯ ತರುಣನೂ, ಅಡಕೆ ಸುಲಿಯುವವನೂ, ಲಾರಿಯ ಚಾಲಕನೂ ಒಂದೇ ಬೆಂಚಿನಲ್ಲಿ ಭುಜ ತಾಗಿಸಿ ಕುಳಿತು, ಭಾಗವತರ ಪದದ ಕಡೆಗೆ ಒಂದು ಕಿವಿಯನ್ನಿಟ್ಟು ಚಹವನ್ನು ಊದುತ್ತಾರೆ. ಯಾರೂ ಯಾರಿಗೂ ಉಪಕಾರ ಮಾಡಿಲ್ಲ. ಆದುದರಿಂದ ಯಾರೂ ಯಾರಿಗೂ ತಲೆಬಾಗಬೇಕಾಗಿಲ್ಲ. ದಾನದಿಂದ ದೊರೆಯದ ಒಂದು ಘನತೆಯು ಇಲ್ಲಿ ಅಲ್ಪವಾದ ಮೌಲ್ಯಕ್ಕೆ ಮಾರಾಟವಾಗುತ್ತಿದೆ. 'ಕೂಲಿಯವರಿಗೂ ಚಹದ ಚಟ ಹತ್ತಿತು' ಎಂದು ದೂರುವ ಒಡೆಯರ ಮಾತಿನಲ್ಲಿ ಆರೋಗ್ಯದ ಕಾಳಜಿಗಿಂತ ಈ ಘನತೆಯ ಮೇಲಣ ಅಸಮಾಧಾನವೇ ಹೆಚ್ಚಾಗಿ ಧ್ವನಿಸುತ್ತದೆ. ಈ ದೂರು ಹೊಸದೂ ಅಲ್ಲ, ಈ ದೇಶಕ್ಕೆ ಮಾತ್ರ ಸೇರಿದುದೂ ಅಲ್ಲ. 1756ರಲ್ಲಿ ಇಂಗ್ಲೆಂಡಿನ ಜೋನಾಸ್ ಹ್ಯಾನ್ವೆ ಎಂಬವನು ಚಹದಿಂದ ದೇಶವೇ ಕೆಡುತ್ತಿದೆಯೆಂದು ಬರೆದಾಗ, ಚಹದ ಮಹಾಭಕ್ತನಾದ ಪಂಡಿತ ಜಾನ್ಸನ್ ಅವನನ್ನು ಖಂಡಿಸಿದನು. ಆದರೆ ಕೆಳವರ್ಗದ ದುಡಿಮೆಗಾರರಿಗೆ ಚಹವು ತಕ್ಕುದಲ್ಲವೆಂಬುದನ್ನು ಮಾತ್ರ ಅವನೂ ಒಪ್ಪಿಕೊಂಡನು. ಗಾಂಧೀಜಿಯವರು ಚಹವನ್ನು ಬೇಡವೆಂದುದು ಬೇರೆ ರೀತಿಯದು. ಅದರ ಟ್ಯಾನಿನ್ ಅಂಶವು ದೇಹಕ್ಕೆ ಒಳ್ಳೆಯದಲ್ಲವೆಂದು ಅವರು ಒಡೆಯನಿಗೂ ಆಳಿಗೂ ಒಂದೇ ನಿಯಮವನ್ನು ಹೇಳಿದರು.

ಹಾಗೆಂದು ಅಂಗಡಿಯನ್ನು ದೇವಾಲಯವೆಂದು ಹೊಗಳಿದರೆ ಅದೂ ಸುಳ್ಳಾದೀತು. ಕಾಸಿಲ್ಲದವನನ್ನು ಅಂಗಡಿಯು ಹೊರಗೆ ನಿಲ್ಲಿಸುತ್ತದೆ. ಬೆಲ್ಲನೀರಿನ ಮನೆಯು ಅಂಗಳದಲ್ಲಾದರೂ ನಿಲ್ಲಿಸಿ ಕೊಡುತ್ತಿತ್ತು. ಅದಕ್ಕಿಂತಲೂ ಗಹನವಾದ ದೋಷವೊಂದು ಚಹದಲ್ಲಿಯೇ ಇದೆ. ಬೆಂಚಿನ ಮೇಲೆ ಸಮಾನರಾಗಿ ಕುಳಿತವರ ಕಣ್ಣಿಗೆ ಬೀಳದ ಒಬ್ಬಾಕೆ ಎಲೆಯನ್ನು ಚಿವುಟುತ್ತಿರುತ್ತಾಳೆ. ಒಂದು ಕಿಲೋ ಚಹದ ಪುಡಿಗೆ ನಾಲ್ಕರಿಂದ ಐದು ಕಿಲೋ ಹಸಿ ಎಲೆ ಬೇಕು. ಅಷ್ಟೂ ಎರಡೆರಡು ಎಲೆಯ ಲೆಕ್ಕದಲ್ಲಿ ಬೆರಳ ತುದಿಯಿಂದ ಕೂಡಿದುದು. ಈ ಮೂರು ಸೀಮೆಗಳ ಜನರಿಗೆ ಇದು ದೂರದ ಮಾತೂ ಅಲ್ಲ. ಚಾರ್ಮಾಡಿಯ ತಿರುವುಗಳನ್ನೇರಿ ಕೊಟ್ಟಿಗೆಹಾರವನ್ನು ಮುಟ್ಟಿದವನಿಗೆ ಕೆಳಗೂರಿನ ಚಹದ ತೋಟವು ಸಮೀಪ. ಕಳಸದ ಕಡೆಗೆ ಸಂಸೆಯಲ್ಲಿಯೂ ಚಹದ ಗುಡ್ಡಗಳಿವೆ. ಕರ್ನಾಟಕದ ಚಹವು ದೇಶದ ಒಟ್ಟು ಬೆಳೆಯಲ್ಲಿ ಅತ್ಯಲ್ಪವೆಂಬುದು ನಿಜ. ಆದರೆ ಘಟ್ಟದ ತೋಟಗಳಿಗೆ ಕೆಲಸಕ್ಕೆ ಹೋಗಿ ಮಲೆಜ್ವರದಲ್ಲಿ ನವೆದವರ ಕಥೆಗಳು ಘಟ್ಟದ ಕೆಳಗಿನ ಮನೆಗಳಲ್ಲಿ ಇನ್ನೂ ಮರೆತುಹೋಗಿಲ್ಲ.

ಅಸ್ಸಾಮಿನ ಚಹವು 1839ರಲ್ಲಿ ಲಂಡನ್ನಿನ ಹರಾಜಿಗೆ ಬಂದಂದಿನಿಂದ ಆ ಎಲೆಯ ಹಿಂದೆ ಕರಾರಿನ ಕೂಲಿಗಳ ದೊಡ್ಡ ಸೈನ್ಯವೇ ಬೆಳೆಯಿತು. ಕರಾರನ್ನು ಮುರಿದು ಓಡಿದವನಿಗೆ ಶಿಕ್ಷೆಯನ್ನು ವಿಧಿಸುವ ಕಾನೂನುಗಳಿದ್ದುವು. 1921ರ ಮೇ ತಿಂಗಳಲ್ಲಿ ಚರಗೋಲಾ ಕಣಿವೆಯ ಕೂಲಿಗಳು ಸಂಬಳವು ಸಾಲದೆಂದು ತೋಟಗಳನ್ನು ಬಿಟ್ಟು, ಹೆಂಡಿರು ಮಕ್ಕಳೊಡನೆ ಸಾವಿರಾರು ಸಂಖ್ಯೆಯಲ್ಲಿ ಊರಿನ ಕಡೆಗೆ ಹೊರಟರು. ಚಾಂದಪುರದಲ್ಲಿ ಅವರ ಮೇಲೆ ಗೂರ್ಖಾ ಸಿಪಾಯಿಗಳನ್ನು ಬಿಡಲಾಯಿತು. ಚಹದ ವ್ಯಾಪಾರಿಗಳಿಗೆ ಉಪಚಾರದ ಮಹಿಮೆಯೂ ತಿಳಿಯದೆ ಇರಲಿಲ್ಲ. 1903ರಲ್ಲಿ ತಮ್ಮ ಮೇಲೆ ತಾವೇ ಸುಂಕವನ್ನು ಹಾಕಿಸಿಕೊಂಡು ಪ್ರಚಾರನಿಧಿಯನ್ನು ಕೂಡಿಸಿದರು. ಮುಂದೆ ವಿದೇಶದ ಪೇಟೆ ಕುಸಿದ 1930ರ ದಶಕದಲ್ಲಿ ಭಾರತದ ಪೇಟೆಗಳಲ್ಲಿಯೂ ಜಾತ್ರೆಗಳಲ್ಲಿಯೂ ಚಹವನ್ನು ಪುಕ್ಕಟೆಯಾಗಿ ಕುಡಿಸಿದರು. ಈ ದೇಶದ ಅನೇಕರ ಮೊದಲನೆಯ ಗುಟುಕು ಹೀಗೆ ದಾನವಾಗಿಯೇ ದೊರೆಯಿತು. ಗಾಳದ ತುದಿಯಲ್ಲಿರುವ ಎರೆಹುಳುವೂ ಮೀನಿಗೆ ದಾನವೇ ಸರಿ.

ಕುಡಿಯುವವನಿಗೆ ಈ ಕಾಣದ ಕೈಯ ಹೊಣೆಯಿದೆಯೇ? ಇದೆಯೆಂದು ನಂಬಿ ನಡೆದವರ ದೃಷ್ಟಾಂತವೊಂದು ಉಂಟು. 1791ರಲ್ಲಿ ಗುಲಾಮರ ವ್ಯಾಪಾರವನ್ನು ನಿಲ್ಲಿಸುವ ಮಸೂದೆಯನ್ನು ಪಾರ್ಲಿಮೆಂಟು ತಳ್ಳಿಹಾಕಿದಾಗ, ಇಂಗ್ಲೆಂಡಿನ ಲಕ್ಷಾಂತರ ಜನರು ಗುಲಾಮರು ಬೆಳೆದ ಸಕ್ಕರೆಯನ್ನು ತಮ್ಮ ಚಹಕ್ಕೆ ಹಾಕುವುದಿಲ್ಲವೆಂದು ಶಪಥಮಾಡಿದರು. ಮತದಾನದ ಹಕ್ಕಿಲ್ಲದಿದ್ದ ಹೆಂಗಸರು ಇದರಲ್ಲಿ ಮುಂದಾಗಿದ್ದರು. ಚಹದ ಮೇಜೇ ಅವರ ಸಭಾಮಂದಿರವಾಯಿತು. ಸಪ್ಪೆ ಚಹದಿಂದ ಗುಲಾಮಗಿರಿಯು ಮರುದಿನವೇ ಅಳಿಯಲಿಲ್ಲ. ಆದರೆ ಒಂದು ಬಟ್ಟಲಿನಲ್ಲಿ ಎಷ್ಟು ಜನರ ಬಾಳು ಕರಗಿದೆಯೆಂಬುದನ್ನು ಸಾಧಾರಣ ಸಂಸಾರಿಗಳು ಲೆಕ್ಕಹಾಕಿ ನೋಡಿದುದಂತೂ ನಿಜ.

ಹೀಗಿರಲು, ಕೊಟ್ಟ ಬೆಲ್ಲನೀರು ಶ್ರೇಷ್ಠವೋ, ಮಾರಿದ ಚಹ ಶ್ರೇಷ್ಠವೋ ಎಂಬ ಪ್ರಶ್ನೆಗೆ ಎರಡು ಕಡೆಯಿಂದಲೂ ಉತ್ತರವು ಕುಂಟುತ್ತದೆ. ಪ್ರಶ್ನೆಯೇ ತಪ್ಪಾಗಿರಬಹುದು. ದಾನದ ಮಹಿಮೆಯನ್ನು ಈ ಸೀಮೆಗೆ ಹೊರಗಿನವರು ಕಲಿಸಬೇಕಾಗಿಲ್ಲ. ಬೆಳ್ತಂಗಡಿಯ ಧರ್ಮಸ್ಥಳದಲ್ಲಿ ಅನ್ನ, ಔಷಧ, ವಿದ್ಯೆ, ಅಭಯ ಎಂಬ ಚತುರ್ವಿಧ ದಾನಗಳ ಪರಂಪರೆಯಿದೆ. ದಿನವೂ ಸಾವಿರಾರು ಯಾತ್ರಿಕರು ಅಲ್ಲಿ ಉಣ್ಣುತ್ತಾರೆ. 1430ರಲ್ಲಿ ಸಾವಿರಕಂಬದ ಬಸದಿಯು ಎದ್ದ ಮೂಡಬಿದಿರೆಯಲ್ಲಿ ಆಹಾರದಾನದ ಇನ್ನೊಂದು ಕ್ರಮವು ಕಣ್ಣಿಗೆ ಬೀಳುತ್ತದೆ. ದಿಗಂಬರ ಮುನಿಗಳು ದಿನಕ್ಕೆ ಒಂದೇ ಸಲ, ನಿಂತುಕೊಂಡು, ಬೊಗಸೆಯನ್ನೇ ಪಾತ್ರೆಯಾಗಿಸಿ ಆಹಾರವನ್ನು ಸ್ವೀಕರಿಸುತ್ತಾರೆ. ಅವರು ಬೇಡುವುದಿಲ್ಲ, ಗೃಹಸ್ಥನೇ ಬಾಗಿಲಲ್ಲಿ ಕೈಮುಗಿದು ನಿಂತು, ದಯಮಾಡಿ ಇಲ್ಲಿ ನಿಲ್ಲಬೇಕೆಂದು ಪ್ರಾರ್ಥಿಸುತ್ತಾನೆ. ಮುನಿಯು ಒಪ್ಪಿದರೆ ಮನೆಯವರು ಧನ್ಯರು. ಮುಂದೆ ನಡೆದರೆ ಕಣ್ಣೀರು. ಬೊಗಸೆಯು ಅದೇ ಬೊಗಸೆ. ಅಂಗಳದಲ್ಲಿ ನಿಂತ ಆಳಿನ ಬೊಗಸೆಗೆ ನೀರು ಸುರಿದಾಗ ಕೊಡುವವನು ದೊಡ್ಡವನಾಗಿದ್ದನು. ಮುನಿಯ ಬೊಗಸೆಗೆ ಅನ್ನವಿಟ್ಟಾಗ ಪಡೆಯುವವನು ದೊಡ್ಡವನಾಗುತ್ತಾನೆ. ಸ್ವೀಕರಿಸುವುದೂ ಒಂದು ಅನುಗ್ರಹವೆಂಬುದನ್ನು ಈ ನಾಡಿನ ಧಾರ್ಮಿಕ ಜೀವನವು ಬಹುಕಾಲದಿಂದ ಬಲ್ಲುದು. ಯಾರ ಕೈಯಿಂದ ಸ್ವೀಕರಿಸಬೇಕೆಂಬಲ್ಲಿ ಮಾತ್ರ ಆ ಜ್ಞಾನವು ಹೊಸ್ತಿಲನ್ನು ದಾಟದೆ ನಿಂತುಬಿಟ್ಟಿತು.

ಆದುದರಿಂದ ಒಬ್ಬನು ತನ್ನ ಮನೆಯಲ್ಲಿ ಎಷ್ಟು ಜನಕ್ಕೆ ಕೊಡುತ್ತಾನೆ ಎಂಬುದಕ್ಕಿಂತ, ಎಷ್ಟು ಮನೆಗಳಲ್ಲಿ ಕುಡಿಯುತ್ತಾನೆ ಎಂಬುದನ್ನು ಕೇಳುವುದು ಮೇಲು. ಚಹದ ಅಂಗಡಿಯಲ್ಲಿ ಕುಡಿದುದು ಈ ಲೆಕ್ಕಕ್ಕೆ ಬಾರದು. ಅಲ್ಲಿ ಕಾಸು ಕೊಟ್ಟು ಋಣವನ್ನು ಹರಿದುಕೊಂಡಾಗಿದೆ. ಮನೆಯ ಚಹದ ಋಣವು ಹರಿಯುವಂಥದಲ್ಲ. ಅದಕ್ಕಾಗಿಯೇ ಅದು ಕಷ್ಟ.

ಭೂಸುಧಾರಣೆಯ ತಿದ್ದುಪಡಿಯು 1974ರ ಮಾರ್ಚಿ 1ರಿಂದ ಜಾರಿಗೆ ಬಂದು ಉಳುವವನು ಹೊಲದ ಒಡೆಯನಾದಾಗ, ದಕ್ಷಿಣ ಕನ್ನಡದಲ್ಲಿ ಅಸಂಖ್ಯ ಚಾಲಗೇಣಿಯ ಒಕ್ಕಲುಗಳು ತಾವು ನಿಂತ ನೆಲಕ್ಕೆ ತಾವೇ ಯಜಮಾನರಾದರು. ಹೆಸರಿಲ್ಲದ ಒಬ್ಬ ಧಣಿಯನ್ನು ಕಲ್ಪಿಸಿಕೊಂಡು ನೋಡಬಹುದು. ಕೋರ್ಟು ಕಚೇರಿಗಳ ಕಹಿ ಇಳಿದು ಹತ್ತು ವರ್ಷಗಳಾದ ಮೇಲೆ, ಮಗಳ ಮದುವೆಯ ಕಾಗದವನ್ನು ಹಿಡಿದು ಅವನು ಹಳೆಯ ಒಕ್ಕಲಿನ ಮನೆಗೆ ಬರುತ್ತಾನೆ. ಹಂಚಿನ ಮಾಡು, ಸಿಮೆಂಟಿನ ಜಗಲಿ, ಒರಸಿಟ್ಟ ಕುರ್ಚಿ. "ಧಣಿಗಳು ಕುಳಿತುಕೊಳ್ಳಬೇಕು" ಎಂದು ಮನೆಯವನು ಹಿಂದಿನ ಗೌರವದಿಂದಲೇ ಹೇಳುತ್ತಾನೆ, ಧಣಿಯು ಕುಳಿತುಕೊಳ್ಳುತ್ತಾನೆ. ಒಳಗಿನಿಂದ ಏಲಕ್ಕಿ ಜಜ್ಜಿದ ವಾಸನೆ ಬರುತ್ತದೆ. "ಒಂದು ಚಾ ಕುಡಿದು ಹೋಗಬಹುದಲ್ಲ" ಎಂದು ಅವನು ತಡೆತಡೆದು ಕೇಳುತ್ತಾನೆ. ಧಣಿಯು ನಗುನಗುತ್ತಲೇ, "ಚಹ ಅಭ್ಯಾಸವಿಲ್ಲ ಮಾರಾಯ, ಒಂದು ಸೀಯಾಳ ಇದ್ದರೆ ಸಾಕು" ಎನ್ನುತ್ತಾನೆ. ಬಿ.ಸಿ. ರೋಡಿನ ಹೋಟೆಲಿನಲ್ಲಿ ಪ್ರತಿ ಸೋಮವಾರ ಅವನು ಚಹ ಕುಡಿಯುವುದನ್ನು ಆ ಮನೆಯ ಮಕ್ಕಳೂ ಕಂಡಿದ್ದಾರೆ. ಯಾರೂ ಏನೂ ಹೇಳುವುದಿಲ್ಲ. ಮಗನು ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತೆಂಗಿನ ಮರವನ್ನು ಹತ್ತುತ್ತಾನೆ. ಒಲೆಯ ಮೇಲೆ ಚಹವು ಕುದಿಯುತ್ತಲೇ ಇದೆ.

ಈ ಧಣಿಯನ್ನು ದುಷ್ಟನೆನ್ನಲಾಗದು. ಅವನು ಬಂದನು, ಕುಳಿತನು, ಮದುವೆಗೆ ಕರೆದನು;‌ ಅವನ ತಂದೆಯು ಇಷ್ಟನ್ನೂ ಮಾಡುತ್ತಿರಲಿಲ್ಲ. ಅವನ ಮನಸ್ಸು ಒಪ್ಪಿದರೂ ಗಂಟಲು ಒಪ್ಪದಿರಬಹುದು. ತಲೆಮಾರುಗಳ ಅಭ್ಯಾಸವು ಗಂಟಲಿನಲ್ಲಿಯೇ ಕೊನೆಯವರೆಗೆ ಉಳಿಯುವುದು. ಆದರೆ ಅವನನ್ನು ಕಂಡು ನಗುವ ಇಂದಿನ ವಿದ್ಯಾವಂತ ಗೃಹಸ್ಥರು ತಮ್ಮ ಹಿತ್ತಿಲ ಕಡೆಗೆ ಒಮ್ಮೆ ಹೋಗಿ ನೋಡುವುದು ಒಳ್ಳೆಯದು. ತೋಟದ ಕೆಲಸಕ್ಕೆ ಬಂದವರಿಗೆ ಹತ್ತು ಗಂಟೆಗೆ ಚಹವನ್ನೂ ಅವಲಕ್ಕಿಯನ್ನೂ ತಪ್ಪದೆ ಕೊಡುವ ಮನೆಗಳವು. ಸಕ್ಕರೆಗೆ ಜಿಪುಣತನವಿಲ್ಲ, ಮಾತಿನಲ್ಲಿ ಒರಟಿಲ್ಲ. ಆದರೂ ಎಷ್ಟೋ ಮನೆಗಳ ಬಚ್ಚಲ ಕಟ್ಟೆಯ ಮೇಲೆ, ಒಳಗಿನ ಪಾತ್ರೆಗಳೊಡನೆ ಸೇರದ ಎರಡು ಮೂರು ಲೋಟಗಳು ಕವುಚಿಟ್ಟಿರುತ್ತವೆ. ಕೇಳಿದರೆ, 'ಅದು ಕೆಲಸದವರಿಗೆಂದು ಇಟ್ಟದ್ದು, ಕೈಗೆ ಸುಲಭವಾಗಲಿ ಎಂದು' ಎಂಬ ಉತ್ತರ ಬರುತ್ತದೆ. ಕುಡಿದವರು ತಾವಾಗಿಯೇ ತೊಳೆದು ಮತ್ತೆ ಅಲ್ಲಿಯೇ ಕವುಚಿಡುತ್ತಾರೆ. ಹಾಗೆ ಮಾಡಬೇಕೆಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಆ ಮದುವೆಯ ಕಾಗದದ ಕಥೆಯನ್ನು ಇನ್ನೊಂದು ತಲೆಮಾರಿಗೆ ಎಳೆಯಬಹುದು. ಧಣಿಯ ಮೊಮ್ಮಗನು ಅದೇ ಜಗಲಿಗೆ ಬರುತ್ತಾನೆ. ಈ ಸಲ ಯಾರೂ ಕೇಳುವ ಗೋಜಿಗೆ ಹೋಗುವುದಿಲ್ಲ. ಚಹವು ತಾನಾಗಿಯೇ ಬರುತ್ತದೆ, ಜೊತೆಗೆ ತಟ್ಟೆಯಲ್ಲಿ ನಾಲ್ಕು ಚಕ್ಕುಲಿ. ಅವನು ಮಾತನಾಡುತ್ತಲೇ ಕುಡಿದು ಮುಗಿಸಿ, ತಾನು ಓದಿದ ಊರಿನ ಅಭ್ಯಾಸದಂತೆ ಲೋಟವನ್ನು ತಾನೇ ತೊಳೆದಿಡಲು ಏಳುತ್ತಾನೆ. ಮನೆಯ ಹಿರಿಯಳು ಗಾಬರಿಯಿಂದ ಓಡಿಬಂದು ಅದನ್ನು ಕೈಯಿಂದ ಕಿತ್ತುಕೊಳ್ಳುತ್ತಾಳೆ. "ಈ ಮನೆಯಲ್ಲಿ ಬಂದವರು ಲೋಟ ತೊಳೆಯುವ ಕ್ರಮವಿಲ್ಲ ಮಗಾ" ಎನ್ನುತ್ತಾಳೆ, "ಕೂತುಕೋ, ಇನ್ನು ಸ್ವಲ್ಪ ತರುತ್ತೇನೆ."